ಹಾಲ್ ಎರಡು

ಎಫೆಕ್ಟ್ ಆಫ್ ಮಾಡು ಕಾಕಾ, ಅಂದಳು ಮುಬೀನಾ,
ಒಣಾ ಸೌಂಡ್ ಕೊಡು ನನಗ,
ತೊಯ್ಸಾದು ಆಮ್ಯಾಲ ನಾ ತೊಯ್ಸ್ತೀನಿ.

ತೀನ್ ಕಂದೀಲಿನ ಹಿಂದೆ, ಬ್ಯಾಟರಿ ಅಂಗಡಿಯ ಮೇಲೆ,
ಗೋಡೆಗೆ ಮೊಟ್ಟೆಯ ತಟ್ಟೆ ಬಡಿದ ಒಂದು ಕೋಣೆ.
ತಿರುಗಿದರೆ ಮೈಕಿಗೆ ಕೇಳುತ್ತದೆಂದು
ಏಪ್ರಿಲ್ಲಿನಲ್ಲೂ ಫ್ಯಾನು ಬಂದ್.
ಸದ್ದಿಲ್ಲದೆ ಇಳಿಯುವ ಬೆವರಿಗಷ್ಟೇ ಅಲ್ಲಿ ಪರವಾನಗಿ.

ಎರಡು ಹೊಳೆಗಳ ನಡುವಿನ ಜಿಲ್ಲೆ ನಮ್ಮದು,
ಒಣ ಅನ್ನುವ ಮಾತಿಗೆ ಹೆದರುವವನಲ್ಲ ನಾನು.
ಆದರೂ ಬೆರಳು ಆ ಗುಂಡಿಯ ಮೇಲೆ ತಡೆಯಿತು.

ಇಪ್ಪತ್ತಾರು ವರ್ಷ.
ಆದವಾನಿಯ ಆರ್ಕೆಸ್ಟ್ರಾದವನೊಬ್ಬ
ಮದುವೆಯಾಗಿ ನುಡಿಸುವುದು ಬಿಟ್ಟಾಗ
ಹನ್ನೊಂದು ಸಾವಿರಕ್ಕೆ ತಂದ ಸಿಂಥಸೈಜರ್.
ಅವ್ವ ಅದನ್ನು ಪೇಟಿ ಅನ್ನುತ್ತಿದ್ದಳು.
ಮೇಲಿನ ಗ ಒತ್ತಿದರೆ ಇಂದಿಗೂ ಟಕ್ ಅನ್ನುತ್ತದೆ.
ಅದರ ಹೊಟ್ಟೆಯಲ್ಲೇ ಇದ್ದವು
ರೂಮ್, ಹಾಲ್ ಒಂದು, ಹಾಲ್ ಎರಡು.
ಅಂದಿನಿಂದ ನಾನು ಹಾಲ್ ಎರಡರ ಬಾಡಿಗೆದಾರ.
ಮಾನ್ವಿಯ ಮದುವೆ, ದೇವದುರ್ಗದ ತೊಟ್ಟಿಲು,
ಲಿಂಗಸೂಗೂರಿನ ಶಾಲೆಯ ಗ್ಯಾದರಿಂಗು,
ಶಾಮಿಯಾನದ ಕೆಳಗೆ ಸಾರಿನ ಬಕೀಟುಗಳ ನಡುವೆ ಕೂತರೂ
ನನ್ನ ಸ್ವರ ಮಾತ್ರ ಅಲ್ಲಿಂದ ಬರುತ್ತಿತ್ತು.
ಎಲ್ಲಿದೆ ಆ ಹಾಲ್? ಎಷ್ಟು ಕಿಟಕಿ? ಕೇಳಿದವರಿಲ್ಲ.
ಯಾವುದೋ ದೇಶದ ಇಂಜಿನಿಯರ್
ಚಿಪ್ಪಿನೊಳಗೆ ಕಟ್ಟಿ, ಬಾಗಿಲು ಎಳೆದುಕೊಂಡು ಹೋದದ್ದು.
ಅವನೂ ಒಳಗೆ ಕಾಲಿಟ್ಟಿರಲಿಕ್ಕಿಲ್ಲ.

ಪೇಟಿಯಾಗಿಂದು ಸಾರಿಗೆ ಬಿದ್ದ ಉಪ್ಪು ಕಾಕಾ,
ಬಿತ್ತಂದ್ರ ಬಿತ್ತು.
ಪ್ಲಗಿನ್ ಅಂದ್ರ ತಾಟಿನ ತುದೀಗೆ ಬಡ್ಸಿದ್ದು,
ಬೇಕಾದ್ರ ಕಲಸ್ಕೋ, ಬ್ಯಾಡಾದ್ರ ಸರ್ಸು.
ಅವಳ ಲ್ಯಾಪ್‌ಟಾಪಿನಲ್ಲಿ ನೂರ ಹತ್ತು ಜಾಗ:
ಚರ್ಚು, ಗುಹೆ, ಸುರಂಗ, ತಗಡಿನ ಡಬ್ಬಿ.
ಹದಿನಾಲ್ಕು ದಿನದ ಪುಕ್ಕಟೆ ಗಡುವು ಮುಗಿದವು
ಬೂದಿಬಣ್ಣಕ್ಕೆ ತಿರುಗಿ, ಕದ ತೆರೆಯದೆ ನಿಂತಿದ್ದವು.

ನನಗೆ ಯಾವುದೂ ಒಗ್ಗಲಿಲ್ಲ.
ಹಂಗಾದ್ರ ಯಾ ಜಾಗ ಬೇಕು ಹೇಳು,
ಹೋಗಿ ತಗೊಂಡೇ ಬರೋಣು.

ರವಿವಾರ, ಅವಳ ಸ್ಕೂಟಿಯ ಹಿಂದೆ ಕೂತು,
ಗಂಜ್ ದಾಟಿ, ಮುಚ್ಚಿದ ಜಿನ್ನಿಂಗ್ ಮಿಲ್ಲಿಗೆ.
ಅವ್ವ ಹದಿನೆಂಟು ವರ್ಷ
ಅರಳೆಯೊಳಗಿನ ಕಸ ಆರಿಸಿದ್ದು ಅಲ್ಲೇ.
ವಾಚ್‌ಮನ್‌ಗೆ ಎರಡು ಚಹಾದ ದುಡ್ಡು.
ನಟ್ಟನಡು ನೆಲದಲ್ಲಿ ಮೈಕು ನಿಲ್ಲಿಸಿ
ಮುಬೀನಾ ಕೆಂಪು ಬಲೂನು ಊದಿದಳು, ಸೂಜಿ ಚುಚ್ಚಿದಳು.

ಢಬ್!
ತಗಡು, ಗರ್ಡರು, ಒಡೆದ ಗಾಜು
ಒಬ್ಬರ ಬಾಯಿಂದ ಒಬ್ಬರು ಮಾತು ಕಸಿದುಕೊಂಡು
ನಾಲ್ಕು ಸೆಕೆಂಡು ಹರಟಿದವು.
ಪಾರಿವಾಳ ಬಂದ್ವು ನಡುಕ, ಮತ್ತೊಮ್ಮೆ, ಅಂದಳು.
ಒಂಬತ್ತು ಬಲೂನು ಒಡೆದೆವು.

ಸಂಜೆಯ ಹೊತ್ತಿಗೆ ಮಿಲ್ಲು ಪ್ಲಗಿನ್ನಿನೊಳಗೆ ಕೂತಿತ್ತು.
ಹೆಸರು ನಾಗೇಂದ್ರಮ್ಮ ಅಂತ ಬರೀಲೇನು?
ಒಂದು ಸ ಒತ್ತಿದೆ.
ಚಂದಿತ್ತು. ಬಹಳ ಚಂದಿತ್ತು.
ಅವ್ವನ ಮಿಲ್ಲು ಮಾತ್ರ ಅಲ್ಲ ಅದು.

ಅವಳಿದ್ದಾಗ ಅಲ್ಲಿ ಸೂರಿನ ತನಕ ಅರಳೆ.
ಬುತ್ತಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತು
ಯವ್ವಾ ಅಂತ ಒದರಿದರೆ
ಆ ಕೂಗನ್ನು ಅರಳೆ ಅಲ್ಲೇ ಕುಡಿದುಬಿಡುತ್ತಿತ್ತು.
ಮೂರನೆಯ ಸಲಕ್ಕೆ ಅವಳ ತಲೆ ಏಳುತ್ತಿತ್ತು, ಬೆಳ್ಳಗೆ.
ಇಷ್ಟೊಂದು ಮಾತು
ಆ ಗೋಡೆಗಳು ಕಲಿತದ್ದು ಖಾಲಿಯಾದ ಮೇಲೆ.

ಬ್ಯಾಡ, ಅಂದೆ. ಮಿಲ್ ಒಂದು ಅಂತ ಬರಿ ಸಾಕು.

ಕಡೆಗೆ ಒಣಾನೇ ನುಡಿಸಿದೆ.
ಪೇಟಿಯ ಗುಂಡಿಯೂ ಆಫ್, ಅವಳ ನೂರ ಹನ್ನೊಂದೂ ಆಫ್.
ಗ ಟಕ್ಕೆಂದದ್ದು ಕೇಳಿತು,
ಎಡಗೈ ಅರೆಚಿಟಿಕೆ ತಡವಾದದ್ದೂ ಕೇಳಿತು.
ಮುಬೀನಾ ಪರದೆಗೆ ಮೂಗು ಹಚ್ಚಿದಳು:
ಸಾಲು ಸಾಲಿಗೂ ಕಡೀಗೆ ಯಾಕ ನಿಲ್ತಿ ಕಾಕಾ?
ಇಲ್ಲಿ ಏನೂ ಇಲ್ಲ, ಸಪಾಟ ಗೆರಿ ಅದ.

ನೋಡಿಕೊಂಡೆ. ಕೈ ಇನ್ನೂ ಗಾಳಿಯಲ್ಲೇ ಇತ್ತು.
ಹಾಲ್ ಎರಡರ ಆಚೆಗೋಡೆ ಮುಟ್ಟಿ
ಸ್ವರ ಮರಳಲೆಂದು ಬೆರಳು ಕಾಯುತ್ತಿದ್ದವು.

ಕತ್ತರಸ್ಲೇನು ಇದನ್ನ?

ಮೊದ್ಲು ಫ್ಯಾನ್ ಹಾಕವ್ವ, ಅಂದೆ.