ಇಳಿಕೆ

ಶಿವಾಜಿನಗರ, ಎರಡನೇ ಮಹಡಿ. ಫ್ಯಾನಿನ ಗಾಳಿಗೆ ಹಾರದಂತೆ
ಕಾಗದಗಳ ಮೇಲೆ ಹಳೆಯ ಸೈಕಲ್ ಬೆಲ್ಲಿನ ಬಟ್ಟಲು ಬೋರಲು ಹಾಕಿದ್ದೇನೆ.
ಸಾಲು ತುಂಬುವುದು ನನ್ನ ಕೆಲಸ:
ಠಾಣೆ, ತಾರೀಖು, ಹೊತ್ತು, ಯಾವುದಕ್ಕೆ ಯಾವುದು ಬಡಿಯಿತು.
ಕಾರು, ಲಾರಿ, ಬಸ್ಸು, ಬೈಕು, ರಿಕ್ಷಾ, ಪಾದಚಾರಿ
ಎಲ್ಲ ದಾಟಿದ ಮೇಲೆ, ಅಂಚಿನಲ್ಲಿ,
ಎತ್ತಿನಗಾಡಿ ಕೈಗಾಡಿಗಳ ಜೊತೆ
ಸೈಕಲ್ಲು: ‘ಇತರೆ’.

ಈ ಬೆಳಿಗ್ಗೆ ಇತರೆಯಲ್ಲಿ ಒಬ್ಬ ಬಂದ.
ಹಿರಾಮಣ ಶೆಲಾರ, ಅರವತ್ತೊಂದು,
ಫುರಸುಂಗಿಯಿಂದ ಹಡಪಸರದ ಗೋದಾಮು ಕಾಯಲು
ರಾತ್ರಿ ಪಾಳಿಗೆ ಹೊರಟವನು.
ಹಿಂದಿನಿಂದ ಬಿಳಿ ಕಾರು. ಒಳಗೆ ಮೂವರು.
ಏರ್‌ಬ್ಯಾಗುಗಳು ಬಿಚ್ಚಿಕೊಂಡವು,
ಹೂವಿನಂತೆ ಎಂದು ಬರೆಯಲಾರೆ,
ಆದರೆ ಬಿಚ್ಚಿಕೊಂಡವು.
ಗಾಯ: ಇಲ್ಲ. ಇಲ್ಲ. ಮೊಣಕೈಗೆ ತರಚು.

ಹಿರಾಮಣನ ಎದೆಯ ಮುಂದೆ ಇದ್ದದ್ದು
ಹ್ಯಾಂಡಲ್ಲಿಗೆ ನೇತುಹಾಕಿದ ಊಟದ ಡಬ್ಬಿ.

ನಮೂನೆ ಕೇಳುತ್ತದೆ, ನಾನು ಹೇಳುತ್ತೇನೆ.
ಸೀಟ್‌ಬೆಲ್ಟು? ಅನ್ವಯಿಸುವುದಿಲ್ಲ.
ವಿಮೆ? ಅನ್ವಯಿಸುವುದಿಲ್ಲ.
ನೋಂದಣಿ ಸಂಖ್ಯೆ? ಒಂದು ಅಡ್ಡಗೆರೆ.
ವಾಹನಕ್ಕಾದ ನಷ್ಟ?
ಕಾರಿಗೆ ಎಂಬತ್ತು ಸಾವಿರ.
ಸೈಕಲ್ಲಿನದನ್ನು ಪೇದೆ ಪೆನ್ಸಿಲಿನಲ್ಲಿ ಬರೆದು ಅಳಿಸಿದ್ದಾನೆ;
ಬೆಳಕಿಗೆ ಹಿಡಿದರೆ, ಮುನ್ನೂರು ಇರಬೇಕು.

ಮಧ್ಯಾಹ್ನ ಕುದಳೆ ಸಾಹೇಬರು ಬಂದರು, ಕೈಯಲ್ಲಿ ಚಹಾ.
‘ನೋಡಿದಿರಾ ಬಾಯಿ, ಸೈಕಲ್ ಸಾವು ಅರ್ಧಕ್ಕೆ ಇಳಿದಿದೆ!
ವರದಿಯ ತಲೆಗೇ ಹಾಕಿ. ಹಸಿರಿನಲ್ಲಿ.’
ಒಳ್ಳೆಯ ಮನುಷ್ಯ. ವರ್ಷವೆಲ್ಲ ಹೆಣ ಎಣಿಸುವವರಿಗೂ
ಖುಷಿಪಡಲು ಏನಾದರೊಂದು ಬೇಕಲ್ಲ.

ಸಿಂದಗಿ ಶಾಲೆಯಲ್ಲಿ ಲೆಕ್ಕದ ಮಾಸ್ತರು
ಹಲಗೆಯ ಮೇಲೆ ಗೆರೆ ಎಳೆದು ಅನ್ನುತ್ತಿದ್ದರು:
‘ಮ್ಯಾಲಿಂದು ಅಂಶ, ಕೆಳಗಿಂದು ಛೇದ.
ಮ್ಯಾಲ ಕುಂತಾವನ್ನಷ್ಟ ನೋಡಬ್ಯಾಡ್ರಿ,
ಕೆಳಗ ಎಷ್ಟ ಮಂದಿ ಹೊತ್ತಾರ, ಅದನ್ನ ನೋಡ್ರಿ.’

ಗೆರೆಯ ಕೆಳಗೆ ನೋಡಿದೆ. ಖಾಲಿ.
ಕಾರುಗಳನ್ನು ಎಣಿಸುತ್ತಾರೆ, ಟೋಲಿನಲ್ಲಿ, ಸಾಲದ ಕಂತಿನಲ್ಲಿ.
ಪೆಡಲು ತುಳಿಯುವವರನ್ನು ಯಾರೂ ಎಣಿಸಿಲ್ಲ.
ನನ್ನ ಬಳಿ ಇರುವುದು ನೆನಪಿನ ಲೆಕ್ಕ:
ಮದುವೆಯಾಗಿ ಪುಣೆಗೆ ಬಂದ ವರ್ಷ, ಪಿಂಪರಿಯಲ್ಲಿ,
ಕಾರ್ಖಾನೆ ಬಿಟ್ಟಾಗ ರಸ್ತೆ ದಾಟಬೇಕೆಂದರೆ
ಕಾಲು ತಾಸು ನಿಲ್ಲಬೇಕಿತ್ತು,
ಟ್ರಿಣ್ ಟ್ರಿಣ್ ತೀರುವವರೆಗೆ.
ಮೊನ್ನೆ ಅದೇ ನಾಕೆಯಲ್ಲಿ ನಿಂತು ಎಣಿಸಿದೆ:
ಒಬ್ಬ ಹಾಲಿನ ಹುಡುಗ, ಒಬ್ಬ ಕಾವಲುಗಾರ,
ಬಿಗಿ ಅಂಗಿ ತೊಟ್ಟ ಭಾನುವಾರದ ಆರು ಜನ.
ಎರಡು ಕೈಯ ಬೆರಳು ತೀರಲಿಲ್ಲ.

ಸಾವು ಇಳಿದದ್ದು ಅರ್ಧಕ್ಕೆ.
ಸವಾರರು ಇಳಿದದ್ದು ಹತ್ತರಲ್ಲಿ ಒಂದಕ್ಕೆ ಎಂದಿಟ್ಟುಕೊಂಡರೂ,
ಭಾಗಿಸಿ: ಉಳಿದೊಬ್ಬನ ಬೆನ್ನಿಗೆ
ಮೊದಲಿನ ಐದು ಪಟ್ಟು.
ಇದು ಊಹೆ. ಊಹೆಗೆ ಕಾಲಂ ಇಲ್ಲ.

ಮಿಕ್ಕವರೆಲ್ಲ ಎಲ್ಲಿ?
ಸಾಯಲಿಲ್ಲ. ಇಳಿದರು.
ನಾನೂ ಇಳಿದೆ. ಲಕಡಿ ಪೂಲದ ಮೇಲೆ ಒಂದು ಸಂಜೆ
ಬಸ್ಸೊಂದು ಬಲಗೈಯನ್ನು ಸವರಿಕೊಂಡು ಹೋಯಿತು.
ಮೂರು ಹಸಿರು ಬಳೆ ಒಡೆದವು, ಅಷ್ಟೇ.
ಯಾವ ಠಾಣೆಗೂ ಅದು ಅಪಘಾತವಲ್ಲ.
ಒಂದು ಕಾಲು ನೆಲಕ್ಕೂರಿ ಬಹಳ ಹೊತ್ತು ನಿಂತಿದ್ದೆ.
ಆಮೇಲೆ ಮನೆವರೆಗೂ ತಳ್ಳಿಕೊಂಡು ಬಂದೆ.
ಗುಜರಿಯವನಿಗೆ ಕೊಡುವಾಗ
ಬೆಲ್ಲಿನ ಬಟ್ಟಲೊಂದನ್ನು ತಿರುಗಿಸಿ ಬಿಚ್ಚಿಕೊಂಡೆ.

ಹಸಿರಿನಲ್ಲಿ ಹಾಕಿ ಎಂದಿದ್ದಾರಲ್ಲ. ಹಾಕಿದೆ.
ಆ ಹಸಿರಿನಲ್ಲಿ ನಾನಿದ್ದೇನೆ, ಕ್ಷೇಮವಾಗಿ.
ಅದರ ಕೆಳಗೆ, ಯಾರೂ ಕೇಳದಿದ್ದರೂ,
ಕಪ್ಪಿನಲ್ಲಿ ಒಂದು ಸಾಲು ಸೇರಿಸಿದೆ:
‘ಸೈಕಲ್ ಸವಾರರ ಒಟ್ಟು ಸಂಖ್ಯೆ: ತಿಳಿದಿಲ್ಲ.’
ಸಾಹೇಬರು ಅಳಿಸಬಹುದು. ಪೆನ್ಸಿಲಲ್ಲ.

ಐದೂವರೆಗೆ ಮನೆಗೆ ಹೊರಟೆ, ಬಸ್ಸಿನಲ್ಲೇ,
ಎಡಗಡೆಯ ಕಿಟಕಿ ಸಿಕ್ಕಿತ್ತು.
ಪೂಲದ ಮೇಲೆ ಡ್ರೈವರು ಎಡಕ್ಕೆ ಒತ್ತಿದಾಗ
ಕೆಳಗೆ ಯಾರಾದರೂ ಇದ್ದಾರೇನೋ ಎಂದು
ಬಗ್ಗಿ ನೋಡಿದೆ.