ಹಮ್ಮು

"ಅಕ್ಕಾ, ಇದರಲ್ಲಿ ಹಮ್ ಬರ್ತಿದೆ" ಅಂದ ಸುಗುಣರಾಜ,
ಕೌಂಟರಿನ ಮೇಲೆ, ಎರಡು ಮಿಕ್ಸಿ ಜಾರುಗಳ ನಡುವೆ
ಟಿಫನ್ ಡಬ್ಬಿಯಷ್ಟು ದಪ್ಪದ ಗಿಟಾರ್ ಪೆಡಲ್ ಇಟ್ಟು.
ಅದಕ್ಕೊಂದು ಕಿಟಕಿ, ಕಿಟಕಿಯೊಳಗೆ
ಹೆಬ್ಬೆರಳಷ್ಟು ಗಾಜು: ವಾಲ್ವು.
ಅಪ್ಪ ಹೋದ ಮೇಲೆ ಸಂತೇಪೇಟೆಯ ಈ ಅಂಗಡಿಗೆ
ವಾಲ್ವು ಬಂದದ್ದು ಇದೇ ಮೊದಲು.

ಅಪ್ಪನ ನೋಟ್‌ಬುಕ್ಕಿನಲ್ಲಿ ಹಮ್ ಇಲ್ಲ, ಹಮ್ಮು ಅಂತಲೇ ಇದೆ.
ಪುಟ ನಲವತ್ತೊಂದು, ಹಮ್ಮು ಇಳಿಸುವುದು:
ಎಲ್ಲಿಂದ ಅಂತ ಮೊದಲು ಕೇಳು. ಯಾಕೆ ಅಂತ ಆಮೇಲೆ.

ಎಂಥಾ ಸದ್ದು ಅಂದೆ.
ಆರ್ಕೆಸ್ಟ್ರಾದವನು, ಬಾಯಲ್ಲೇ ಮಾಡಿ ತೋರಿಸಿದ.
ತಳದಲ್ಲಿ ಗುಂಯ್; ಅದರ ಮೇಲೆ
ಆಲೂಗಡ್ಡೆ ಬೋಂಡಾ ಎಣ್ಣೆಗೆ ಬಿಟ್ಟ ಹಾಗೆ ಚಟಚಟ;
ಕಾಲು ತಾಗಿದರೆ ಟಣ್.
ಮೂವರು ಕಳ್ಳರು, ಒಂದೇ ಕಂಬಳಿ.

ಬಳೆ ಬಿಚ್ಚಿಟ್ಟೆ.
ಒಳಗೆ ಇನ್ನೂರೈವತ್ತು ವೋಲ್ಟು. ಪ್ಲಗ್ ಕಿತ್ತರೂ
ಕೆಪಾಸಿಟರು ಮರೆಯುವುದಿಲ್ಲ,
ಸಾಲ ಕೊಟ್ಟವನ ಹಾಗೆ ಕೂತಲ್ಲೇ ಕಾಯುತ್ತದೆ.
ಒಂದು ಕೈ ಜೇಬಿನಲ್ಲಿರಲಿ ಅಂತಿದ್ದ ಅಪ್ಪ.
ನನ್ನ ಚೂಡಿದಾರಕ್ಕೆ ಜೇಬಿಲ್ಲ.
ಎಡಗೈ ಬೆನ್ನ ಹಿಂದಿಟ್ಟು, ಬಲಗೈಯಲ್ಲಿ
ಒಣ ಬಿದಿರ ಕಡ್ಡಿ ಹಿಡಿದು
ಒಂದೊಂದನ್ನೇ ತಟ್ಟುತ್ತ ಹೋದೆ.

ವಾಲ್ವಿಗೆ ತಟ್ಟಿದೆ, ಸ್ಪೀಕರು ಟಣ್ ಅಂತು.
ಕೇಳಬೇಕಾದ್ದು ಬಿಟ್ಟು
ತಾಗಿದ್ದನ್ನೆಲ್ಲ ಊರಿಗೆ ಹೇಳುವ ಜಾತಿ.
ಬಿಸ್ಕತ್ತು ಡಬ್ಬಿಯಲ್ಲಿ, ಅಪ್ಪ ಹತ್ತಿಯಲ್ಲಿ ಸುತ್ತಿಟ್ಟದ್ದು ಒಂದಿತ್ತು.
ಹೆಸರು ಬೇರೆ, ಮನೆತನ ಒಂದೇ.
ಇಪ್ಪತ್ತಾರು ವರ್ಷದ ಮೇಲೆ ಮೆಲ್ಲಗೆ ಕೆಂಪಾಯಿತು.

ಚಟಚಟ ಹೋಗಲಿಲ್ಲ.
ಶುರುವಾಗುವುದೇ ಹನ್ನೊಂದನೇ ನಿಮಿಷಕ್ಕೆ.
ಇನ್‌ಪುಟ್ಟು ಮುಚ್ಚಿದರೂ ಇದೆ, ವಾಲ್ಯೂಮು ಸೊನ್ನೆಗಿಳಿಸಿದರೆ ಇಲ್ಲ.
ಅಂದರೆ ಹೊಸಿಲು ದಾಟಿ ಬಂದದ್ದಲ್ಲ,
ಹಿತ್ತಿಲಿನದೂ ಅಲ್ಲ, ನಡುಮನೆಯದು.
ಅಲ್ಲಿ ಒಂದು ಕಂದು ರೆಸಿಸ್ಟರು, ವಾಲ್ವಿನ ಪ್ಲೇಟಿಗೆ ಬಡಿಸುವವನು,
ನೋಡಲು ಸಭ್ಯ, ಮೀಟರಿನಲ್ಲೂ ಸರಿ.
ತಣ್ಣಗಿದ್ದಾಗ ಯಾರು ಸರಿ ಇರೋಲ್ಲ?
ಕಾವೇರಿದಾಗ ತಟ್ಟಿದೆ. ಸಿಕ್ಕಿಬಿದ್ದ.
ಬೆಲೆ ಎರಡು ರೂಪಾಯಿ, ಹುಡುಕಿದ್ದು ಒಂದೂವರೆ ದಿನ.

ಗುಂಯ್ ಮಾತ್ರ ನನ್ನ ಅಂಗಡಿಯಲ್ಲಿ ಬಾಯೇ ಬಿಡಲಿಲ್ಲ.
ಹಮ್ಮು ಇಳಿದಿದೆ, ತಗೊಂಡು ಹೋಗು ಅಂದೆ.
ರಾತ್ರಿ ಎಂಟಕ್ಕೆ ಫೋನು:
"ಅಕ್ಕಾ, ಇದೆ."

ಸಾಲಗಾಮೆ ರಸ್ತೆ, ಹಿಟ್ಟಿನ ಗಿರಣಿ, ಮೇಲೆ ಅವರ ಪ್ರಾಕ್ಟೀಸು ರೂಮು.
ಪ್ಯಾಡಿನ ಜಬೀವುಲ್ಲಾ, ಕೀಬೋರ್ಡಿನ ಕಾಂತಮಣಿ
ಪೆಡಲನ್ನೇ ನೋಡುತ್ತಿದ್ದರು,
ನೆಂಟರೆದುರು ಮಾನ ಕಳೆದ ಮಗುವನ್ನು ನೋಡುವ ಹಾಗೆ.
ಗಿಟಾರು ಹಿಡಿದಾಗ ತುಟಿ ಮೈಕಿಗೆ ತಾಗಿದರೆ ಜುಮ್ ಅನ್ನುತ್ತಾ?
"ದಿನಾ ಅನ್ನುತ್ತೆ. ಅಭ್ಯಾಸ ಆಗಿದೆ."

ಟಾರ್ಚು ಹಿಡಿದು ಕೆಳಗಿಳಿದೆ.
ತೌಡಿನ ಚೀಲಗಳ ಹಿಂದೆ ಅರ್ತಿಂಗ್ ಗುಂಡಿ,
ಮುಚ್ಚಳದ ಮೇಲೆ ಯಾರದೋ ಒಂಟಿ ಚಪ್ಪಲಿ,
ಒಳಗೆ ಬಿರುಕು ಬಿಟ್ಟ ಮಣ್ಣು.
ಬೋಲ್ಟು, ಹಸಿರು ಕಿಲುಬು ಸಮೇತ, ಕೈಗೇ ಬಂತು.

ಉಜ್ಜಿ ಬಿಗಿದೆ. ಉಪ್ಪು, ಇದ್ದಿಲು, ಮೂರು ಕೊಡ ನೀರು.
ಗಿರಣಿಯ ಚಿಕ್ಕಣ್ಣಯ್ಯ ಹಿಟ್ಟಿನ ಹುಬ್ಬು ಎತ್ತಿದರು:
"ರೋಗ ಮೇಲಿರೋ ಗಿಟಾರಿಗೆ, ನೀರು ಇಲ್ಲಿಗೆ?"
ತೆಂಗಿಗೆ ನೀವು ಎಲ್ಲಿಗೆ ಹಾಕ್ತೀರಿ ಅಂದೆ.

ಮೇಲೆ ಗುಂಯ್ ನಿಂತಿತು.
ನಿಂತ ಮೇಲೆಯೇ ಕೇಳಿಸಿದ್ದು
ಪಕ್ಕದ ಮನೆಯ ಕುಕ್ಕರು, ಜಬೀವುಲ್ಲಾನ ಕೆಮ್ಮು.

"ಆದರೂ ಸಣ್ಣಗೆ ಸುಯ್ ಅಂತಿದೆ"
ಸ್ಪೀಕರಿಗೆ ಕಿವಿ ಒತ್ತಿ ಸುಗುಣರಾಜ.
ಪುಟ ನಲವತ್ತೊಂದರ ಕೊನೆಗೆ, ಪೆನ್ಸಿಲಿನಲ್ಲಿ, ಇದೂ ಇದೆ:
ಇಷ್ಟು ಇದ್ದೇ ಇರುತ್ತದೆ. ಬಿಲ್ಲು ಬರಿ.