ಪರ್ಯಾಯ ಪಾರಿತೋಷಕ

ವರ್ಷಕ್ಕೊಮ್ಮೆ ಬರುತ್ತದೆ ಇದು,
ಫೆಬ್ರವರಿ ಮುಗಿಯುವ ಹೊತ್ತಿಗೆ,
ಪಿ.ಟಿ. ಮೇಷ್ಟ್ರ ಸ್ಕೂಟರಿನಲ್ಲಿ, ಅವರ ಕಾಲುಗಳ ನಡುವೆ
ಟವೆಲ್ ಹೊದ್ದು ನಿಂತುಕೊಂಡು.
ಮಂಡಿಪೇಟೆಯ ಈ ಓಣಿಯಲ್ಲಿ
ಎರಡು ಪಾತ್ರೆ ಅಂಗಡಿಗಳ ನಡುವಿನ ಮೂರಡಿ ನನ್ನದು:
ಒಂದು ಸ್ಟೂಲು, ಒಂದು ಪ್ಲಗ್ಗು,
ಗುಂಯ್‌ಗುಡುವ ಒಂದು ಸೂಜಿ.

ಬೇರೆ ದಿನ ಕೊಡ, ಕುಕ್ಕರು, ಹಾಲಿನ ಕ್ಯಾನು.
‘ಮದುವೆಯ ನೆನಪಿಗೆ, ಸೋದರಮಾವನಿಂದ’ —
ಲೋಟ ಚಿಕ್ಕದಿದ್ದಷ್ಟೂ ಮಾವನ ಹೆಸರು ಉದ್ದ.
ಅಕ್ಷರಕ್ಕೆ ಎರಡು ರೂಪಾಯಿ.
ಒತ್ತಕ್ಷರಕ್ಕೆ ಬೇರೆ ಕೇಳುತ್ತಿದ್ದರು ನನ್ನವರು;
ನಾನು ಕೇಳುವುದಿಲ್ಲ,
ಒತ್ತು, ಪಾಪ, ಮೇಲಿನವರ ಭಾರ ಹೊತ್ತೇ ಕೂತಿರುತ್ತದೆ.

ಕಪ್ಪು ಅಂತಾರೆ. ಹೆಸರಿಗೆ ತಕ್ಕಂತೆ ಕಪ್ಪಾಗಿದೆ.
ಬೆಳ್ಳಿಯದಂತೆ. ಹುಣಸೆಹಣ್ಣು ಹಾಕಿ ಉಜ್ಜಿದರೆ
ಕಿವಿಯ ಹತ್ತಿರ ಹಿತ್ತಾಳೆ ಹಲ್ಲು ಬಿಡುತ್ತದೆ.
ಮೇಷ್ಟ್ರಿಗೆ ಹೇಳಿಲ್ಲ.
ಮುಚ್ಚಳದ ಮೇಲೊಬ್ಬ ಹಾಕಿ ಆಟಗಾರ
(ಹೆಣ್ಣುಮಕ್ಕಳ ಕಪ್ಪಿಗೂ ಗಂಡಾಳೇ),
ಅವನ ಕೋಲು ಮುರಿದು ಎಷ್ಟೋ ವರ್ಷ,
ಬರಿಗೈಯಲ್ಲಿ ಬಗ್ಗಿ ನಿಂತಿದ್ದಾನೆ
ಸಂತೆಯಲ್ಲಿ ಚಿಲ್ಲರೆ ಬೀಳಿಸಿಕೊಂಡವನ ಹಾಗೆ.

ಒಳಗೆ ಮೂಗಿಟ್ಟರೆ ನಿನ್ನೆಯ ರಾತ್ರಿ:
ಈರುಳ್ಳಿ, ಹುರಿಗಡಲೆ ಪುಡಿ, ಕಾದ ಎಣ್ಣೆ.
ಗೆದ್ದವರು ಇದರಲ್ಲೇ ಮಂಡಕ್ಕಿ ಕಲಸಿ ತಿಂದಿದ್ದಾರೆ,
ತಳದಲ್ಲಿನ್ನೂ ಮೆಣಸಿನಕಾಯಿಯ ತೊಟ್ಟು.
ಈ ಊರಿನಲ್ಲಿ, ಏನೇ ಹೇಳಿ,
ಪಾತ್ರೆ ಅಂದರೆ ಪಾತ್ರೆಯೇ.

ಮರದ ಪೀಠಕ್ಕೆ ಸುತ್ತ ತಗಡಿನ ಪಟ್ಟಿ.
ವರ್ಷ, ಕಾಲೇಜು. ವರ್ಷ, ಕಾಲೇಜು.
ಮೊದಲಿನವೆಲ್ಲ ನನ್ನವರ ಕೈ, ಅಕ್ಷರಕ್ಕೊಂದು ಬಾಲ.
ಆಮೇಲೊಂದು ಕಡೆ ‘ಚಾಂಪಿಯನ್’ ಅನ್ನುವುದು ‘ಚಂಪಿಯನ್’ ಆಗಿದೆ:
ಅವರ ಕೈ ನಡುಗತೊಡಗಿದ ವರ್ಷ.
ಪ್ರತಿ ಸಲ ನನ್ನ ಸೂಜಿ ಅಲ್ಲಿಗೆ ಹೋಗುತ್ತದೆ,
ಒಂದು ದೀರ್ಘ ಎಳೆದರಾಯಿತು, ಅರ್ಧ ನಿಮಿಷದ ಕೆಲಸ.
ಹೋಗಿ, ವಾಪಸು ಬರುತ್ತದೆ.
ಗೋಡೆಯ ಫೋಟೋದಲ್ಲಿ ಅವರು ಅಲ್ಲಾಡುವುದಿಲ್ಲ.
ಅಲ್ಲಾಡುವುದು ಇಲ್ಲಿ ಮಾತ್ರ.

ಈ ಸಲ ಸ್ಕೂಟರಿನ ಹಿಂದೆ ಒಬ್ಬ ಹುಡುಗಿ.
ಗೋಲ್‌ಕೀಪರ್ರಂತೆ. ಜಬೀನಾ, ಮಂಡಕ್ಕಿ ಭಟ್ಟಿಯ ಕಡೆಯವಳು,
ಮುಂಗೈ ಮೇಲೆ ಬಿಸಿಮರಳು ಸಿಡಿದ ಹಳೇ ಕಲೆ,
ತೋಳಿನ ಮೇಲೆ ಚೆಂಡಿನಷ್ಟು ಅಗಲದ ಹೊಸ ನೀಲಿ.
ಮೇಷ್ಟ್ರು ಚಹಾಕ್ಕೆ ಹೋದರು.
ಕಪ್ಪು ಅಲ್ಲಾಡದ ಹಾಗೆ ಹಿಡಿ ಅಂದೆ,
ಮಂಡಿಯ ನಡುವೆ ಅವುಚಿ ಕೂತಳು.

‘ಕೊನೇ ನಿಮಿಷ ಅಕ್ಕಾ. ಪೆನಾಲ್ಟಿ.
ದುರ್ಗದ ಪಾಲಾಕ್ಷಿ ಹೊಡೆದ್ಲು.
ನಾನು ತಡದೆ ಅಂತ ಎಲ್ರೂ ಎತ್ತಿ ಕುಣಿದ್ರು.
ನಾನು ಕಣ್ಣು ಮುಚ್ಚಿದ್ದೆ.
ತಡದಿದ್ದು ಪೈಪಿನ ಕಂಬ. ಹಿಂಗೇ ಅಂತು’ —
ಬೆರಳ ಗೆಣ್ಣಿನಿಂದ ಕಪ್ಪಿಗೆ ಬಡಿದಳು:
ಟಣ್.
ಎರಡೂ ಪಾತ್ರೆ ಅಂಗಡಿಯವರು ತಿರುಗಿ ನೋಡಿದರು.
‘ಕಂಬದ ಹೆಸರು ಹಾಕ್ರಿ ಅಕ್ಕಾ.’
ನಕ್ಕಳು. ಆಮೇಲೆ ನಗಲಿಲ್ಲ.
‘ಅವಳು ಬಸ್ಸು ಹತ್ತೋ ತನಕ ಅತ್ಲು.’

ಸೋತವರಿಗೆ ಇಲ್ಲಿ ಜಾಗವಿಲ್ಲ,
ಗೆದ್ದವರಿಗೂ ಒಂದೇ ಪಟ್ಟಿ ಉಳಿದಿತ್ತು.
ಸೂಜಿ ಗುಂಯ್ ಅಂತು.
ವರ್ಷ ಕೊರೆದೆ. ಕಾಲೇಜು ಕೊರೆದೆ.
ಧೂಳು ಊದಿ, ಕಾಲೇಜಿನ ಪಕ್ಕ
ನೆಟ್ಟಗೆ ಒಂದು ಗೀಟು ಎಳೆದೆ.

ಮೇಷ್ಟ್ರು ಕನ್ನಡಕ ಮೇಲೆತ್ತಿ ನೋಡಿದರು:
‘ಇದೇನಮ್ಮಾ ಗೀಟು?’
‘ಹಳೇ ಪುಸ್ತಕದಾಗ ಇರ್ತಿತ್ತಲ್ಲ ಸಾರ್,
ವಾಕ್ಯ ಮುಗೀತು ಅಂತ.’

ಹುಡುಗಿ ಓಣಿಯ ಆಚೆ ಏನನ್ನೋ ನೋಡುತ್ತಿದ್ದಳು.
ಮೇಷ್ಟ್ರು ಬೆರಳು ಮಡಚಿ ಅಕ್ಷರ ಎಣಿಸಿದರು,
ಎರಡು ಸಲ ಎಣಿಸಿದರು,
ಗೀಟು ಬಿಟ್ಟು ದುಡ್ಡು ಕೊಟ್ಟರು.